ಸೊನ್ನೆಯಿಂದ ಹತ್ತರೊಳಗೆ

ಮೂರು ದಿನದಿಂದ ಆ ಒಂದು ಮನೆಯನ್ನು ಬಿಟ್ಟು ಅದರ ಆಚೀಚೆಯ ಮನೆಗಳನ್ನೆಲ್ಲ ಅವಳು ಮುಗಿಸಿದ್ದಳು. ಪಟ್ಟಿಯಲ್ಲಿ ಮೂವತ್ತೊಂಬತ್ತು, ನಲವತ್ತು, ಆಮೇಲೆ ನಲವತ್ತೆರಡು. ನಡುವೆ ನಲವತ್ತೊಂದರ ಎದುರಿಗೆ ಗುರುತಿಲ್ಲ. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವಂತೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನಿನ್ನೆ ಸಂಜೆ ಕಚೇರಿಯಲ್ಲಿ ಮೇಲ್ವಿಚಾರಕ, ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಯಾರ ಜೊತೆ ಮಾತಾಡುವಾಗಲೂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವವನು, "ನಲವತ್ತೊಂದು ಯಾಕೆ ಉಳೀತು?" ಎಂದು ಕೇಳಿದಾಗ "ಬೀಗ ಹಾಕಿತ್ತು ಸಾರ್" ಎಂದುಬಿಟ್ಟಿದ್ದಳು. "ಎಷ್ಟು ಸಲ ಹೋದ್ರಿ?" "ಎರಡು ಸಲ." ಅವನು ಮುಚ್ಚಳವನ್ನು ಟಕ್ಕೆಂದು ತೆಗೆದು ಏನೋ ಬರೆದುಕೊಂಡ. ಏನು ಬರೆದನೆಂದು ತಲೆಕೆಳಗಾಗಿ ಓದಲು ನೋಡಿ, ಆಗದೆ, ಬಸ್ಸಿನಲ್ಲಿ ಮನೆ ಸೇರುವವರೆಗೂ ಆ ಬರಹದ ಉದ್ದವನ್ನೇ ಮನಸ್ಸಿನಲ್ಲಿ ಅಳೆಯುತ್ತಿದ್ದಳು. ಬರೀ 'ಬೀಗ' ಎಂದು ಬರೆಯಲು ಅಷ್ಟು ಹೊತ್ತು ಬೇಕಿರಲಿಲ್ಲ. ಸಮೀಕ್ಷೆಯ ಈ ಸುತ್ತು ಮುಗಿದ ಮೇಲೆ ಹನ್ನೊಂದು ಜನರಲ್ಲಿ ಆರು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆಂದು ಸುದ್ದಿ ಇತ್ತು. ಯಾರು ಹೇಳಿದ್ದೆಂದು ಯಾರಿಗೂ ಗೊತ್ತಿಲ್ಲ. ಆದರೆ ಸುದ್ದಿ ಬಂದಂದಿನಿಂದ, ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದ ಹನ್ನೊಂದು ಜನಕ್ಕೂ ಬೇರೆ ಬೇರೆ ಹೊತ್ತಿಗೆ ಹಸಿವಾಗತೊಡಗಿತ್ತು.

ಬೀದಿಯ ಎರಡೂ ಬದಿಗೆ ಒಂದೇ ಅಚ್ಚಿನಲ್ಲಿ ತೆಗೆದಂತೆ ಮನೆಗಳು. ಒಂದರ ಗೋಡೆಯೇ ಇನ್ನೊಂದರದ್ದು. ಒಂದು ಮನೆಯಲ್ಲಿ ಕೆಮ್ಮಿದರೆ ಇನ್ನೊಂದರಲ್ಲಿ ನೀರು ಕುಡಿಯಬೇಕು, ಹಾಗೆ. ಬೀದಿಯ ಕೊನೆಗೆ ಗಾಜಿನ ಬಾಟಲಿ ಕಾರ್ಖಾನೆಯ ಚಿಮಣಿ, ಅದರ ಬಾಯಲ್ಲಿ ಹಗಲೂ ರಾತ್ರಿ ನಿಲ್ಲದ ತೆಳು ಹೊಗೆ. ಅವಳು ಕಾಲಿಟ್ಟೊಡನೆ ಒಂದೆರಡು ಕಿಟಕಿಯ ಪರದೆ ಅಲ್ಲಾಡಿದವು. 'ಪ್ರಶ್ನೆ ಅಕ್ಕ' ಎಂದು ಅವರು ಇಟ್ಟ ಹೆಸರು. ಆರು ತಿಂಗಳ ಹಿಂದೆ, ಮೊದಲ ಸುತ್ತಿನಲ್ಲಿ, ಅವಳ ಮೊದಲ ಪ್ರಶ್ನೆಗಿಂತ ಮುಂಚೆ ಪ್ರತಿ ಮನೆಯವರದೂ ಒಂದು ಪ್ರಶ್ನೆ ಇರುತ್ತಿತ್ತು: "ನಿಮ್ಮನ್ನ ಕಳಿಸಿದ್ದು ಯಾರು?" ಕತ್ತಿನಲ್ಲಿ ನೇತಾಡುವ ಗುರುತಿನ ಚೀಟಿ ಎತ್ತಿ ತೋರಿಸುತ್ತಿದ್ದಳು. ಅವರು ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡುತ್ತಿದ್ದರು. ಫೋಟೋದಲ್ಲಿದ್ದವಳು ಅವಳಿಗಿಂತ ದಿಟ್ಟೆ. ಯಾರದೋ ಚೀಟಿ ತೂಗಹಾಕಿಕೊಂಡು ಬಂದಿದ್ದೇನೆಯೇ ಎಂದು ಅವಳಿಗೇ ಅನಿಸಿಬಿಡುತ್ತಿತ್ತು.

ತರಬೇತಿಯ ದಿನ ಮೇಲ್ವಿಚಾರಕ ಹಲಗೆಯ ಮೇಲೆ ಒಂದು ಹಗ್ಗದ ಚಿತ್ರ ಬರೆದಿದ್ದ. ಈ ತುದಿಯಲ್ಲಿ ಕೆಲಸ ಹೋಗುವ ಹೆದರಿಕೆ, ಆ ತುದಿಯಲ್ಲಿ ಓಟು. "ಈ ಕಡೆ ಎಳೆದಾಗ ಆ ಕಡೆ ಅಲ್ಲಾಡುತ್ತಾ, ಅಲ್ಲಾಡಿದ್ರೆ ಎಷ್ಟು, ಯಾವ ದಿಕ್ಕಿಗೆ, ಅದನ್ನ ಅಳೆಯೋದು ನಮ್ಮ ಕೆಲಸ. ಅದಕ್ಕೇ ಅದೇ ಜನರನ್ನ ಆರು ತಿಂಗಳಿಗೊಮ್ಮೆ ಕೇಳ್ತೀವಿ." ಮುಂದಿನ ಒಂದು ವರ್ಷದಲ್ಲಿ ನಿಮ್ಮ ಕೆಲಸ ಹೋಗಬಹುದು ಅಂತ ಎಷ್ಟರಮಟ್ಟಿಗೆ ಅನ್ನಿಸುತ್ತೆ? ಸ್ವಲ್ಪವೂ ಇಲ್ಲ ಅಂದ್ರೆ ಸೊನ್ನೆ, ಖಂಡಿತ ಅಂದ್ರೆ ಹತ್ತು. ಆಮೇಲೆ, ಒಂದು ಪುಟ ದಾಟಿ: ಸರ್ಕಾರ ಎಲ್ಲರಿಗೂ ಕೆಲಸ ಕೊಡಬೇಕೇ, ಹೊರಗಿನಿಂದ ಬಂದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಬಾರದೇ, ಯಾರ ಮಾತನ್ನೂ ಕೇಳದ ಗಟ್ಟಿ ನಾಯಕ ಬೇಕೇ. ಎಲ್ಲಕ್ಕೂ ಸೊನ್ನೆಯಿಂದ ಹತ್ತು. ನಾಲ್ಕನೇ ದಿನಕ್ಕೇ ಅವಳಿಗೆ ಒಂದು ವಿಷಯ ಗೊತ್ತಾಗಿಹೋಗಿತ್ತು. ಕಾಯಂ ಕೆಲಸದವರು ಕಾಲ ಮೇಲೆ ಕಾಲು ಹಾಕಿ "ಏಳು ಬರ್ಕೊಳ್ಳಿ, ಎಂಟು ಬರ್ಕೊಳ್ಳಿ, ಕಾಲ ಕೆಟ್ಟಿದೆ" ಎನ್ನುತ್ತಿದ್ದರು. ದಿನಗೂಲಿಯವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಸೊನ್ನೆ" ಎನ್ನುತ್ತಿದ್ದರು. ಇದನ್ನು ಹೇಳಿದಾಗ ಮೇಲ್ವಿಚಾರಕ ನಕ್ಕಿದ್ದ. "ನಿಮ್ಮ ಅನಿಸಿಕೆ ಬೇಡ ಮೇಡಂ, ಅಂಕಿ ಸಾಕು. ಸಾವಿರ ಜನ ಸೇರಿದಾಗ ಸುಳ್ಳೆಲ್ಲ ತಾನೇ ಸರಿಹೋಗುತ್ತೆ." ಸಾವಿರ ಜನವೂ ಒಂದೇ ದಿಕ್ಕಿಗೆ ಸುಳ್ಳು ಹೇಳಿದರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ತರಬೇತಿಯಲ್ಲಿ ಅಭ್ಯಾಸಕ್ಕೆಂದು ಅವನು ಆ ಹನ್ನೊಂದು ಜನರ ಕೈಗೇ ಹಾಳೆ ಕೊಟ್ಟು, ಹೆಸರು ಬರೆಯಬೇಡಿ ಎಂದು ಹೇಳಿ ತುಂಬಿಸಿದ್ದ. ಅವಳು ಸೊನ್ನೆ ಬರೆದು, ಪರೀಕ್ಷೆಯಲ್ಲಿ ಕೂತ ಹುಡುಗಿಯಂತೆ ಅಂಗೈಯಿಂದ ಮುಚ್ಚಿಕೊಂಡಿದ್ದಳು.

ನಲವತ್ತೊಂದನೇ ಮನೆಯವನನ್ನು ಬೀದಿಯಲ್ಲೆಲ್ಲ ಎಡಚ ಎನ್ನುತ್ತಿದ್ದರು. ಬಾಟಲಿ ಆರಿಸುವ ಸಾಲಿನಲ್ಲಿ ಅವನಿಗೆ ಹದಿನೈದು ವರ್ಷ. ಸಾಗಿ ಬರುವ ಬಾಟಲಿಗಳಲ್ಲಿ ಗುಳ್ಳೆ ಇದ್ದದ್ದನ್ನು, ಬಿರುಕು ಬಿಟ್ಟಿದ್ದನ್ನು ಎಡಗೈಯಲ್ಲಿ ಚಕ್ಕನೆ ಎತ್ತಿ ಪಕ್ಕಕ್ಕೆ ಹಾಕುವ ಕೆಲಸ. ಮೊದಲ ಸುತ್ತಿನಲ್ಲಿ ಅವನೊಬ್ಬನೇ "ಯಾರು ಕಳಿಸಿದ್ದು" ಎಂದು ಕೇಳದೆ ಒಳಗೆ ಕರೆದವನು. ಕುಡಿಯಲು ನೀರು ತಂದು, ಲೋಟ ಕೈಗೆ ಕೊಡುವ ಮುಂಚೆ ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ನೋಡಿದ್ದ. "ಇದು ನಮ್ಮ ಮಾಲಲ್ಲ ಬಿಡಿ, ನಮ್ಮದಾಗಿದ್ರೆ ಇಷ್ಟು ಹೊತ್ತಿಗೆ ಒಡೀತಿತ್ತು" ಎಂದು ನಕ್ಕಿದ್ದ. ಕೆಲಸ ಹೋಗುವ ಪ್ರಶ್ನೆಗೆ ಅವನು "ಸೊನ್ನೆ" ಎಂದಾಗ ಅಡುಗೆಮನೆಯಿಂದ ಹೆಂಡತಿ "ಹತ್ತು" ಎಂದಿದ್ದಳು. "ಅವಳ ಮಾತು ಬರ್ಕೋಬೇಡಿ, ಅವಳು ಹಬೆ ಕಂಡ್ರೂ ಹೊಗೆ ಅಂತಾಳೆ." ಹೊರಗಿನವರ ಪ್ರಶ್ನೆಗೆ ಮೂರು. "ಪಕ್ಕದ ಮನೇಲೇ ಒಬ್ಬ ಇದಾನೆ, ಮೂಟೆ ಹೊರ್ತಾನೆ. ಅವನಿಗೂ ಹೊಟ್ಟೆ ಅನ್ನೋದು ಇದೆಯಲ್ಲ." ಕೊನೆಗೆ, ಕೆಲಸ ಹೋದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ. ಬೇರೆ ಕೆಲಸ ಹುಡುಕುತ್ತೇನೆ, ಸಂಘಕ್ಕೆ ದೂರು ಕೊಡುತ್ತೇನೆ, ಊರು ಬಿಡುತ್ತೇನೆ, ಅವಳು ಓದುತ್ತಿರುವಾಗಲೇ ಅವನು, "ನನ್ನನ್ನ ತೆಗೆದ್ರೆ ನಾನೊಬ್ಬನೇ ಹೋಗ್ತೀನಾ? ಹೋಗ್ತಾ ಕುಲುಮೆ ಆರಿಸಿ ಹೋಗ್ತೀನಿ ಅಂತ ಬರ್ಕೊಳ್ಳಿ" ಎಂದ. ಆ ಕುಲುಮೆ ಹನ್ನೆರಡು ವರ್ಷದಿಂದ ಒಂದು ಗಳಿಗೆ ಆರಿಲ್ಲವಂತೆ. ಆರಿದರೆ ಒಳಗಿನ ಗಾಜೆಲ್ಲ ಕಲ್ಲುಗಟ್ಟಿ ಕುಲುಮೆಯನ್ನೇ ಒಡೆದುಹಾಕಬೇಕಂತೆ. ಮೂವರೂ ನಕ್ಕಿದ್ದರು. ಹಾಳೆಯಲ್ಲಿ ಆ ಉತ್ತರಕ್ಕೆ ಚೌಕವಿರಲಿಲ್ಲವಾದ್ದರಿಂದ 'ಬೇರೆ ಕೆಲಸ' ಎಂಬುದಕ್ಕೆ ಗುರುತು ಹಾಕಿದ್ದಳು. ಆ ಮಾತು ಎಲ್ಲೂ ಬರಹದಲ್ಲಿಲ್ಲ. ಇದನ್ನು ಅವಳು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಾಳೋ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಅನ್ನುತ್ತಿದ್ದುದು ಅವಳಿಗಲ್ಲ, ಅಕ್ಕನಿಗೆ. ಇವಳು ಬಾಯಿ ಬಿಡದವಳೆಂದೇ ಮನೆಯಲ್ಲಿ ಹೆಸರು. ದೊಡ್ಡ ಕಚೇರಿಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಹನ್ನೊಂದು ವರ್ಷ ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು ಕೂತಾಗ, ಯಾರಿಗೆ ಎಲ್ಲಿಗೆ ವರ್ಗ, ಯಾರ ಮಗಳ ಸಂಬಂಧ ಮುರಿಯಿತು, ಎಲ್ಲ ಅವಳಿಗೆ ಅವರಿಗಿಂತ ಮುಂಚೆ ಗೊತ್ತಿರುತ್ತಿತ್ತು. ಒಂದೇ ಒಂದು ಮಾತು ಹೊರಗೆ ಬಿಟ್ಟಿರಲಿಲ್ಲ. ಕಾರಿಡಾರಿನಲ್ಲಿ ಅವಳು ಬಂದರೆ ಸಾಹೇಬರುಗಳು ಸ್ವಲ್ಪ ದಾರಿ ಬಿಡುತ್ತಿದ್ದರು. ಆಮೇಲೆ ಒಂದು ಯಂತ್ರ ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಅವಳಿಗಿಂತ ಇಂಪಾಗಿ ಹೇಳಿತು. ಅಲ್ಲಿಂದೀಚೆಗೆ ಯಾರೂ ಅವಳಿಗೆ ದಾರಿ ಬಿಟ್ಟಿರಲಿಲ್ಲ. ಹಾಗಿದ್ದಾಗ ಒಂದು ಭಾನುವಾರ ಅಕ್ಕ ಮತ್ತು ಭಾವ ಊಟಕ್ಕೆ ಬಂದಿದ್ದರು. ಭಾವ ಅದೇ ಬಾಟಲಿ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತ. ಕೈ ತೊಳೆದು, ಟವೆಲ್ ಹೆಗಲ ಮೇಲೆ ಹಾಕಿಕೊಂಡು, "ಏನಮ್ಮಾ, ನಮ್ಮವರೂ ಸಿಕ್ಕಿದಾರಾ ನಿನ್ನ ಬಲೆಗೆ? ಏನಂತಾರೆ ಜನ?" ಎಂದ. ತಟ್ಟೆ ಎತ್ತುತ್ತಿದ್ದ ಅಕ್ಕ ನಿಂತಳು. ಅಮ್ಮ ಕೂಡ ಕತ್ತೆತ್ತಿದಳು. ಎಷ್ಟು ದಿನಗಳಾಗಿದ್ದವು, ಆ ಮನೆಯಲ್ಲಿ ಮೂರು ಮುಖಗಳು ಒಟ್ಟಿಗೆ ಅವಳ ಕಡೆ ತಿರುಗಿ! ಹೆಸರು ಹೇಳಲಿಲ್ಲ. "ಒಬ್ಬ ಇದಾನೆ ಭಾವ, ಆರಿಸೋ ಸಾಲಿನೋನು, ಎಲ್ಲದಕ್ಕೂ ಎಡಗೈ. ಏನಂದ ಗೊತ್ತಾ..." ಕುಲುಮೆಯ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದಳು. ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕ. ನಗುವಿನ ನಡುವೆ ಅವನ ಕಣ್ಣು ಒಮ್ಮೆ ನಿಂತಿತು; ಅಥವಾ ನಿಂತಿತೆಂದು ಅವಳಿಗೆ ಆಮೇಲೆ ಅನಿಸಿತು.

ಒಂದು ತಿಂಗಳ ನಂತರ ಇನ್ನೊಂದು ಭಾನುವಾರ ಭಾವನೇ ಹೇಳಿದ. "ಹತ್ತೊಂಬತ್ತು ಜನರನ್ನ ಕೆಲಸದಿಂದ ತೆಗೆದ್ರು. ಆರಿಸೋ ಸಾಲಿನಿಂದಲೇ ಆರು." ಅವಳು ತುತ್ತು ನುಂಗಿ, "ಎಡಗೈಯೋನು ಇದ್ದನಾ ಅದರಲ್ಲಿ?" ಎಂದಳು. "ಯಾವ ಎಡಗೈಯೋನು?" ಎಂದ ಭಾವ. ಮರೆತಿದ್ದನೋ, ಮರೆತವನ ಹಾಗೆ ಮಾಡಿದನೋ. ಅಕ್ಕ ಬೇಕೆಂದೇ ಎಂಬಂತೆ ಪಾತ್ರೆಯೊಂದನ್ನು ಸದ್ದುಮಾಡಿ ಇಟ್ಟಳು. ಹತ್ತೊಂಬತ್ತು ಜನ ಎಂದರೆ ಸಣ್ಣ ಸಂಖ್ಯೆಯಲ್ಲ, ತನ್ನ ಒಂದು ಮಾತಿಗೆ ಹತ್ತೊಂಬತ್ತು ಜನ ಹೋಗುವುದಿಲ್ಲ, ಅವನು ಹೇಗೂ ಹೋಗುವವನೇ. ಹೀಗೆ ಅವಳು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಎರಡನೇ ಸುತ್ತಿನ ಪಟ್ಟಿ ಕೈಗೆ ಬಂದಾಗ ನಲವತ್ತೊಂದರ ಮೇಲೆ ಹೆಬ್ಬೆರಳಿಟ್ಟುಕೊಂಡೇ ಹಿಡಿದಿದ್ದಳು.

ಇಂದು ನಲವತ್ತೊಂದರ ಬಾಗಿಲು ತೆಗೆದವಳು ಎಡಚನ ಹೆಂಡತಿ. ಮೊದಲು ಸರಪಳಿಯಷ್ಟೇ ಅಗಲ, ಆಮೇಲೆ ಪೂರ್ತಿ. "ಬನ್ನಿ ಅಕ್ಕಾ. ಮೂರು ದಿನದಿಂದ ಈ ಕಡೆ ಆ ಕಡೆ ಹೋಗ್ತಾ ಇದ್ರಿ, ನಮ್ಮನ್ನ ಮರೆತ್ರೇನೋ ಅಂದ್ಕೊಂಡೆ." ನೋಡಿದ್ದಾಳೆ. ಮೂರು ದಿನವೂ ಕಿಟಕಿಯಿಂದ ನೋಡಿದ್ದಾಳೆ. ಬೀಗ ಹಾಕಿತ್ತೆಂಬ ಸುಳ್ಳು ಈಗಲೇ ಯಾರಿಗೋ ಗೊತ್ತಾದಂತೆ ಅವಳ ಕಿವಿ ಬಿಸಿಯಾಯಿತು. ಎಡಚ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾರ್ಖಾನೆಯ ನೀಲಿ ಅಂಗಿಯನ್ನೇ ತೊಟ್ಟು ಕೂತಿದ್ದ. ಜೇಬಿನ ಮೇಲಿದ್ದ ಮುದ್ರೆಯನ್ನು ಬಿಚ್ಚಿ ತೆಗೆದ ಜಾಗದಲ್ಲಿ ಬಣ್ಣ ಮಾಸದ ನೀಲಿ ಚೌಕ. ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿ ಕೂತು ಅಭ್ಯಾಸವಿಲ್ಲದ ಮನುಷ್ಯ ತನ್ನ ಮನೆಯಲ್ಲೇ ನೆಂಟನ ಹಾಗೆ ಕುರ್ಚಿಯ ಅಂಚಿನಲ್ಲಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಅದೇ ಅವಳಿಗೆ ತಡೆಯಲಾಗದ್ದು.

"ಕೇಳಿ ಅಕ್ಕಾ, ಕೇಳಿ. ನೀವೊಬ್ರೇ ಈಗ ನನ್ನನ್ನ ಕೇಳೋರು."

ಮೊದಲ ಪ್ರಶ್ನೆ: ಈಗ ನೀವು ಕೆಲಸದಲ್ಲಿದ್ದೀರಾ? ಇಲ್ಲ ಎಂದರೆ ನೇರ ಒಂಬತ್ತನೇ ಪ್ರಶ್ನೆಗೆ ಹೋಗಬೇಕು. ಅವಳು ಹಾಳೆ ಮಗುಚಿದಳು.

"ಹೋದ ಸಲ ಅಲ್ಲಿ ಇನ್ನೂ ಏನೇನೋ ಕೇಳಿದ್ರಿ. ಈಗ ಯಾಕೆ ಹಾರಿಸ್ತೀರಿ?"

"ಕೆಲಸ ಇಲ್ಲದೋರಿಗೆ ಆ ಪ್ರಶ್ನೆಗಳಿಲ್ಲ. ಕೆಲಸ ಹೋಗೋ ಹೆದರಿಕೆ ಬಗ್ಗೆ ಅದು."

"ಅಂದ್ರೆ ನಿಮ್ಮ ಲೆಕ್ಕದಲ್ಲಿ ನನಗೀಗ ಹೆದರಿಕೆ ಇಲ್ಲ."

"ಹಾಗಲ್ಲ..."

"ಹಾಗೇ ಅಕ್ಕಾ. ಮುಳುಗಿದೋನಿಗೆ ಚಳಿ ಏನು, ಮಳೆ ಏನು. ಬರ್ಕೊಳ್ಳಿ."

ಸರ್ಕಾರ ಎಲ್ಲರಿಗೂ ಕೆಲಸ ಕೊಡಬೇಕೇ ಎಂಬುದಕ್ಕೆ ಹೋದ ಸಲ ಒಂಬತ್ತು ಎಂದಿದ್ದವನು ಈಗ "ಕೊಡೋರ ಮುಖ ನೋಡಿದೀನಿ, ಎರಡು" ಎಂದ. ಗಟ್ಟಿ ನಾಯಕನ ಪ್ರಶ್ನೆಗೆ ಎಂಟು. ಅವಳ ಕೈ ಅಂಕಿಗಳನ್ನು ಬರೆಯುತ್ತಿತ್ತು. ಹಲಗೆಯ ಮೇಲಿನ ಹಗ್ಗ ಕಣ್ಣ ಮುಂದೆ ನಡುಗುತ್ತಿತ್ತು. ಮೇಲ್ವಿಚಾರಕ ಈ ಹಾಳೆ ನೋಡಿದರೆ ಎಷ್ಟು ಸಂತೋಷಪಟ್ಟಾನು! ಇಷ್ಟು ಚೆನ್ನಾಗಿ ಅಲ್ಲಾಡಿದ ತುದಿ ಇನ್ನೊಂದು ಸಿಕ್ಕಿರಲಿಕ್ಕಿಲ್ಲ. ಹೊರಗಿನಿಂದ ಬಂದವರ ಪ್ರಶ್ನೆ ಓದಿದಳು. ಅವನು ತಕ್ಷಣ ಉತ್ತರಿಸದೆ ಎದ್ದುಹೋಗಿ ಕಿಟಕಿ ಮುಚ್ಚಿ ಬಂದ.

"ಹತ್ತು. ಹತ್ತರ ಮೇಲೆ ಇದ್ರೆ ಅದು."

"ಹೋದ ಸಲ..." ಎಂದವಳು ತಡೆದುಕೊಂಡಳು. ಹಳೆಯ ಉತ್ತರವನ್ನು ನೆನಪಿಸಬಾರದೆಂಬುದು ನಿಯಮ.

"ಹೋದ ಸಲ ಮೂರು ಅಂದಿದ್ದೆ. ಗೊತ್ತು. ದಡ್ಡ ನಾನು." ಅವನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ. "ಅಕ್ಕಾ, ನೀವು ಓದಿದೋರು, ನೀವೇ ಹೇಳಿ. ನನ್ನನ್ನ ಕಳಿಸೋ ದಿನ ಆಫೀಸಿನೋನು ಏನಂದ ಗೊತ್ತಾ? 'ಕುಲುಮೆ ಆರಿಸಿ ಹೋಗ್ತೀಯಂತಲ್ಲ, ಆರಿಸು ನೋಡೋಣ' ಅಂದ. ಆ ಮಾತು ನಾನು ಜನ್ಮದಲ್ಲಿ ಆಡಿದ್ದು ಒಂದೇ ಸಲ. ಈ ಕುರ್ಚಿ ಮೇಲೆ. ನಿಮ್ಮ ಮುಂದೆ. ಕಿಟಕಿ ತೆಗೆದಿತ್ತು. ಕೆಳಗೆ ಆಚೆಮನೆಯೋನು, ಆ ಮೂಟೆ ಹೊರೋನು, ಬಟ್ಟೆ ಒಗೀತಿದ್ದ. ಮೂರೇ ಜನ ಕೇಳಿದ್ದು. ನೀವು ಹೇಳೋ ಹಾಗಿಲ್ಲ, ನಿಮಗೆ ಕಾನೂನಿದೆ. ಇವಳು ಹೇಳಲ್ಲ, ಇವಳದೂ ಇದೇ ಹೊಟ್ಟೆ. ಉಳಿದೋನು ಯಾರು?"

ಅವನು ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮೂರನೆಯದನ್ನು ಮಾತ್ರ ಎತ್ತಿ ಹಿಡಿದಿದ್ದ. ಭಾವನ ನಗುವಿನ ನಡುವೆ ಕಣ್ಣು ನಿಂತದ್ದು ನಿಜ. ಹತ್ತೊಂಬತ್ತು ಜನರ ಲೆಕ್ಕದ ಹಿಂದೆ ಅಡಗಿ ಕೂರಲು ಇನ್ನು ಜಾಗವಿಲ್ಲ. ಮರುಗಳಿಗೆಗೇ ಮನಸ್ಸು ಇನ್ನೊಂದು ಸಂದಿ ಹುಡುಕಿತು: ಆಚೆಮನೆಯವನೂ ಹೇಳಿರಬಹುದಲ್ಲ? ಬಟ್ಟೆ ಒಗೆಯುವ ಸದ್ದಿನಲ್ಲಿ ಕೇಳಿಸಿರಬಹುದು. ಅವನದು ಗುತ್ತಿಗೆ ಕೆಲಸ, ಮೇಸ್ತ್ರಿಯನ್ನು ಮೆಚ್ಚಿಸಬೇಕಿತ್ತು. ಹೇಳಿರಬಹುದು. ಅವನನ್ನು ಅವಳು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಆದರೂ ಅವನು ಬಾಗಿ ಮೇಸ್ತ್ರಿಯ ಕಿವಿಯಲ್ಲಿ ಉಸುರುವ ಚಿತ್ರ ಎಷ್ಟು ಸುಲಭವಾಗಿ, ಅಂಗಿಯ ಗುಂಡಿ ಸಮೇತ ಮೂಡಿಬಂತು! ಎಡಚನಿಗೆ ಅದು ಹೇಗೆ ಮೂಡಿರಬಹುದೆಂದು ಆಗ ತಿಳಿಯಿತು. ಅದರಲ್ಲಿ ತಂಪಿತ್ತು. ಬಿಸಿಲಲ್ಲಿ ಬಂದವರಿಗೆ ಸಿಕ್ಕ ನೆರಳಿನಂಥದು.

"ಪಕ್ಷದೋರು ಬಂದಿದ್ರು" ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಿಗೆ ಒರಗಿ, ಯಾರ ಕಡೆಯೂ ನೋಡದೆ. "ಇವರು ಎಲ್ಲ ಹೇಳಿದಾರೆ. ಭಾನುವಾರ ಆ ಮನೆಗೆ ಮಾತಾಡೋಕೆ ಬರ್ತಾರಂತೆ."

"ಮಾತಾಡೋಕೆ ತಾನೇ" ಎಂದ ಎಡಚ.

"ಹನ್ನೆರಡು ಜನ ಯಾವ ಮಾತಾಡ್ತಾರೆ?"

ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಸುವ ದಾರಿಗಳನ್ನೆಲ್ಲ ಅವಳು ಹುಡುಕಿದಳು. ಯಾರೋ ಹೇಳಿರಬಹುದು, ಗೋಡೆಗೂ ಕಿವಿ ಇರುತ್ತೆ, ಕಾರ್ಖಾನೆಯಲ್ಲೂ ನೀವು ಆಡಿರಬಹುದು, ನೆನಪು ಮಾಡಿಕೊಳ್ಳಿ. ಒಂದೊಂದೂ ನಾಲಿಗೆಯವರೆಗೆ ಬಂದು ಸುಳ್ಳಿನ ರುಚಿ ಬಿಟ್ಟು ಹಿಂದೆ ಹೋಯಿತು. ಕತ್ತಿನ ಚೀಟಿ ತೊಡೆಯ ಮೇಲೆ ಬಿದ್ದಿತ್ತು. ಫೋಟೋದಲ್ಲಿದ್ದವಳು ಮೇಲಕ್ಕೆ ನೋಡುತ್ತಿದ್ದಳು.

"ಅವರಲ್ಲ" ಎಂದಳು. ದನಿ ತನ್ನದಲ್ಲದ ಹಾಗೆ ಒಣಗಿತ್ತು. "ನಾನು ಹೇಳಿದ್ದು. ನಮ್ಮ ಭಾವ ನಿಮ್ಮ ಕಾರ್ಖಾನೆ ಆಫೀಸಿನಲ್ಲಿದಾರೆ. ಊಟಕ್ಕೆ ಕೂತಾಗ, ತಮಾಷೆಗೆ, ಬಾಯಿ ತಪ್ಪಿ... ಬಾಯಿ ತಪ್ಪಿ ಅಲ್ಲ, ಬೇಕು ಅಂತಾನೇ ಹೇಳಿದೆ. ಎಲ್ಲರೂ ನಗಲಿ ಅಂತ. ಹೆಸರು ಹೇಳಲಿಲ್ಲ. ಎಡಗೈ ಅಂದೆ."

ಎಡಚ ಅವಳನ್ನು ಬಹಳ ಹೊತ್ತು ನೋಡಿದ. ಸಾಲಿನಲ್ಲಿ ಬರುವ ಬಾಟಲಿಯನ್ನು ನೋಡುವುದು ಹೀಗೇ ಇರಬೇಕು. ಬೈಯುತ್ತಾನೆ, ಹೊಡೆದಾನು ಕೂಡ, ಹೊಡೆದರೆ ಒಳ್ಳೆಯದೇ ಎಂದುಕೊಂಡು ಅವಳು ಹೆಗಲು ಬಿಗಿಹಿಡಿದಳು. ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಏನೋ ಪೂರ್ತಿ ಅರ್ಥವಾದವನ ನಗು.

"ಅವನು ನಿಮಗೆ ಏನು ಕೊಟ್ಟ ಅಕ್ಕಾ?"

"ಯಾರು?"

"ಆಚೆಯೋನು. ಮೂರು ದಿನದಿಂದ ಅವನ ಮನೆಗೆ ಹೋಗಿ ಬರ್ತಿದ್ರಲ್ಲ, ಇವಳು ನೋಡಿದಾಳೆ. ನಮ್ಮ ಮನೆ ದಾಟಿ ಅವನ ಮನೆಗೆ ಯಾಕೆ ಮೊದಲು ಹೋದ್ರಿ ಅಂತ ಈಗ ಗೊತ್ತಾಯ್ತು. ಅತ್ತು ಕರೆದು ಮಾಡಿರ್ತಾನೆ. ಮಕ್ಕಳನ್ನ ಮುಂದೆ ನಿಲ್ಲಿಸಿರ್ತಾನೆ. ನಿಮ್ಮದು ಒಳ್ಳೆ ಮನಸ್ಸು, ತಪ್ಪು ಮೈಮೇಲೆ ಹಾಕ್ಕೊಳ್ಳೋಕೆ ಒಪ್ಪಿದೀರಿ."

"ಅಲ್ಲ. ನಾನು ಅಲ್ಲಿಗೆ ಹೋಗಿದ್ದು ಪ್ರಶ್ನೆ ಕೇಳೋಕೆ. ಬಾಗಿಲಲ್ಲೇ ನಿಂತು ಅವರ ಹೆಂಡತೀನ ಕೇಳಿ ಬಂದೆ. ಅವರು ಮನೇಲಿರಲಿಲ್ಲ. ನಿಮ್ಮಾಣೆ, ನಾನೇ..."

"ಆಣೆ ಇಡಬೇಡಿ ಅಕ್ಕಾ." ಅವನು ಕೈ ಎತ್ತಿದ. ಮೊದಲ ಸಲ ಅವನ ದನಿ ಗಡುಸಾಯಿತು. "ಹೇಳಿದೋರು ಯಾರಾದ್ರೂ ಬಂದು ನಾನೇ ಹೇಳಿದ್ದು ಅಂತಾರಾ? ನನ್ನನ್ನ ಅಷ್ಟು ದಡ್ಡ ಅಂದ್ಕೊಂಡ್ರಾ? ಇನ್ನೆಷ್ಟು ಪ್ರಶ್ನೆ ಇದೆ?"

ಇನ್ನು ನಾಲ್ಕಿದ್ದವು. ಅವಳು ಕೇಳಿದಳು, ಅವನು ಹೇಳಿದ. ಅವನ ಒಂದೊಂದು ಅಂಕಿಯೂ ಈಗ ಅಳೆದು ಸುರಿದದ್ದು, ಇವಳು ಯಾರಿಗೆ ಹೇಳುತ್ತಾಳೆಂದು ಯೋಚಿಸಿ ಹೇಳಿದ್ದು. ಕೊನೆಗೆ ಸಹಿ ಹಾಕುವಾಗ ಎರಡು ಸಲ ಹಾಳೆಯ ಹಿಂಬದಿ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಕಾಯಿ ಹೆಗಲ ಮೇಲಿಟ್ಟುಕೊಂಡೇ ಬಂದು ನಿಂತರೂ ಕಳ್ಳನಲ್ಲ ಎಂದು ಕಳಿಸಿದರೆ ಅವನು ಆ ಕಾಯಿಯನ್ನು ಎಲ್ಲಿಗೆ ಒಯ್ಯಬೇಕು?

ಬಾಗಿಲವರೆಗೆ ಹೆಂಡತಿ ಬಂದಳು. ಹೊಸ್ತಿಲ ಮೇಲೆ ನಿಂತು, ಒಳಗೆ ಕೇಳಿಸದಷ್ಟು ಮೆಲ್ಲಗೆ, "ನೀವು ಹೇಳಿದ್ದು ನಿಜ ಅಂತ ನನಗೆ ಗೊತ್ತಾಯ್ತು" ಎಂದಳು. "ಎಡಗೈ ಅಂದೆ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು."

"ಹಾಗಾದ್ರೆ ನೀವಾದ್ರೂ ಅವರಿಗೆ..."

"ನಾನು ಹೇಳಲ್ಲ." ಅವಳು ಸೆರಗಿನಿಂದ ಬಾಗಿಲ ಚಿಲಕ ಒರೆಸಿದಳು, ಅಲ್ಲೇನೂ ಇಲ್ಲದಿದ್ದರೂ. "ಎರಡು ತಿಂಗಳು ಮಾತೇ ಆಡದೆ ಗೋಡೆ ನೋಡ್ಕೊಂಡು ಮಲಗಿದ್ರು. ಬೈಯೋಕೆ ಆಚೆಮನೆಯೋನು ಸಿಕ್ಕಿದ ಮೇಲೆ ಎದ್ದು ಕೂತಿದಾರೆ, ಊಟ ಮಾಡ್ತಾರೆ, ನಾಲ್ಕು ಜನರ ಜೊತೆ ಸಭೆಗೆ ಹೋಗಿ ಬರ್ತಾರೆ. ಅವರಿಗೆ ಒಬ್ಬ ಬೇಕು ಅಕ್ಕಾ, ಕೈಗೆ ಸಿಗೋನು. ನಿಮ್ಮ ಭಾವ ಕೈಗೆ ಸಿಗ್ತಾರಾ?" ಆಮೇಲೆ, ಇನ್ನೂ ಮೆಲ್ಲಗೆ, "ನೀವು ಇನ್ನು ಬರಬೇಡಿ" ಎಂದು ಬಾಗಿಲು ಹಾಕಿದಳು. ಹೊಡೆದಂತೆ ಹಾಕಲಿಲ್ಲ. ಮಲಗಿದ ಮಗು ಏಳಬಾರದೆಂಬಂತೆ ಹಾಕಿದಳು.

ಆಚೆಮನೆಯ ಮುಂದೆ ಅವನು, ಮೂಟೆ ಹೊರುವವನು, ಮಂಚವೊಂದನ್ನು ಬಿಚ್ಚಿ ಅದರ ಕಾಲುಗಳನ್ನು ಹಗ್ಗದಿಂದ ಕಟ್ಟುತ್ತಿದ್ದ. ಅಗಲ ಬೆನ್ನು, ಅದಕ್ಕೆ ಒಪ್ಪದ ಸಣ್ಣ ಮುಖ. ಅವಳು ಮನಸ್ಸಿನಲ್ಲಿ ಚಿತ್ರಿಸಿದ್ದವನಿಗೂ ಇವನಿಗೂ ಏನೇನೂ ಹೋಲಿಕೆಯಿರಲಿಲ್ಲ. ಅವಳನ್ನು ಕಂಡು ಎದ್ದು ನಿಂತ. ಅವನ ಮಾತು ಬೇರೆ ಕಡೆಯದು. ಒಂದೊಂದು ಪದವನ್ನೂ ಹೆಗಲಿನಿಂದ ಇಳಿಸಿ ಇಡುವವನಂತೆ ಆಡುತ್ತಿದ್ದ. "ಅವರ ಮನೆಯಿಂದ ಬಂದ್ರಾ? ನಮ್ಮ ಬಗ್ಗೆ ಏನಾದ್ರೂ ಅಂದ್ರಾ?"

ಎಡಚನ ಕಿಟಕಿ ಮುಚ್ಚಿತ್ತು. ಹಿಂದೆ ಯಾರಾದರೂ ನಿಂತಿರಬಹುದು. ನಿಂತಿರಲಿ ಎಂದುಕೊಂಡಳು. ಎರಡನೇ ಸಲ ಹೇಳುವುದು ಸುಲಭವಾಗಬೇಕಿತ್ತು, ಆಗಲಿಲ್ಲ. ಊಟ, ಭಾವ, ನಗು, ಎಡಗೈ, ಎಲ್ಲ ಹೇಳಿದಳು. ಅವರು ನಿಮ್ಮ ಮೇಲೆ ಅನುಮಾನ ಪಡುತ್ತಿದ್ದಾರೆ, ಭಾನುವಾರ ಜನ ಬರುತ್ತಾರೆ ಎಂದಳು. ಅವನು ಕೈಯಲ್ಲಿದ್ದ ಹಗ್ಗವನ್ನು ಬಿಡದೆ ಕೇಳಿಸಿಕೊಂಡ.

"ಭಾನುವಾರದ್ದು ಗೊತ್ತು. ನಾವು ಶುಕ್ರವಾರವೇ ಹೋಗ್ತಿದೀವಿ. ಗಾಡಿಗೆ ಹೇಳಿದೀನಿ."

"ಎಲ್ಲಿಗೆ?"

ಅವನು ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ. ಹೇಳಬಾರದೆಂದು ತೀರ್ಮಾನಿಸಿದ್ದ. "ಎರಡು ತಿಂಗಳಿಂದ ಯೋಚನೆ ಮಾಡ್ತಿದ್ದೆ, ನಾನೇನು ಮಾಡಿದೆ ಅಂತ. ಹಬ್ಬ ಹುಣ್ಣಿಮೆಗೆ ತಟ್ಟೆ ಕೊಟ್ಟು ತಟ್ಟೆ ತಗೊಂಡೋರು, ಒಂದಿನ ನಮ್ಮ ನೀರಿನ ಪೈಪು ಕಿತ್ತು ಹಾಕಿದ್ರು. ಕಾರಣ ಇದಾ?" ಹಗ್ಗಕ್ಕೆ ಒಂದು ಗಂಟು ಹಾಕಿ ಎಳೆದು ನೋಡಿದ. ಅವಳು ಕ್ಷಮೆಯ ಮಾತಿಗಾಗಿ ತಡಕಾಡುತ್ತಿರುವಾಗ ಅವನೇ, ಬೀದಿಯ ಎರಡೂ ಕಡೆ ನೋಡಿ, ಹತ್ತಿರ ಬಂದು ಹೇಳಿದ: "ಇದನ್ನ ಇನ್ಯಾರ ಹತ್ತಿರಾನೂ ಹೇಳಬೇಡಿ ಅಕ್ಕಾ. ನಿಮ್ಮ ಕೆಲಸ ಹೋಗುತ್ತೆ."

ತಲೆಯಾಡಿಸಿ ಹೊರಟಳು. ಹತ್ತು ಹೆಜ್ಜೆ ನಡೆಯುವವರೆಗೆ ಅವಳಲ್ಲಿದ್ದದ್ದು ನಾಚಿಕೆಯಲ್ಲ, ನೆಮ್ಮದಿ. ಇವನು ಯಾರಿಗೂ ಹೇಳುವುದಿಲ್ಲ, ಶುಕ್ರವಾರ ಹೋಗುತ್ತಾನೆ, ಅಲ್ಲಿಗೆ ಮುಗಿಯಿತು ಎಂಬ ನೆಮ್ಮದಿ. ಅದು ನೆಮ್ಮದಿಯೆಂದು ಗೊತ್ತಾದಾಗ ನಾಚಿಕೆ ಬಂತು. ನಾಚಿಕೆಯ ಬೆನ್ನಿಗೇ ಇನ್ನೊಂದು. ನಿಮ್ಮ ಕೆಲಸ ಹೋಗುತ್ತೆ. ಯಾಕೆ ಹಾಗೆಂದ? ಬೀದಿಯ ಎರಡೂ ಕಡೆ ನೋಡಿದ್ದೇಕೆ? ಹತ್ತಿರ ಬಂದದ್ದೇಕೆ? ಮನೆ ಕಳೆದುಕೊಂಡು ಹೋಗುವವನಿಗೆ, ಅದಕ್ಕೆ ಕಾರಣಳಾದವಳ ಕೆಲಸದ ಚಿಂತೆ ಎಲ್ಲಿಂದ ಬಂದೀತು? ಅವನು ಎಚ್ಚರಿಸಿದ್ದೋ, ಹೆದರಿಸಿದ್ದೋ? ಅವಳು ಆ ಮೂರು ಪದಗಳನ್ನು ಅವನ ದನಿಯಲ್ಲೇ ಮತ್ತೆ ಮತ್ತೆ ಆಡಿಸಿ ನೋಡಿದಳು. ಒಂದು ಸಲ ಮರುಕದಂತೆ ಕೇಳಿಸಿತು, ಒಂದು ಸಲ ಬೆದರಿಕೆಯಂತೆ. ಆಮೇಲೆ ಎಷ್ಟು ಸಲ ಆಡಿಸಿದರೂ ಬೆದರಿಕೆಯಂತೆಯೇ. ಶುಕ್ರವಾರಕ್ಕೆ ಮುಂಚೆ ಅವನು ಕಚೇರಿಗೆ ಹೋಗಬಹುದು. ಮೇಲ್ವಿಚಾರಕನ ಮುಂದೆ ನಿಂತು ಒಂದೊಂದು ಪದವನ್ನೂ ಇಳಿಸಿ ಇಡಬಹುದು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಚೀಲದಿಂದ ತನ್ನ ಸ್ವಂತದ ಪುಟ್ಟ ನೋಟ್‌ಬುಕ್ ತೆಗೆದಳು. ಅದು ಬಸ್ಸಿನ ಹೊತ್ತು, ಅಮ್ಮನ ಔಷಧಿ ಬರೆಯುವ ಪುಸ್ತಕ. ಬಿಸಿಲು ಕಾಗದದ ಮೇಲೆ ಕುಕ್ಕುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೈ ಏನು ಬರೆದಿದೆ ಎಂದು ನೋಡಿದಳು. ಆಚೆಯವನ ಮನೆಯ ನಂಬರು ಬರೆದಿತ್ತು. ಇಂದಿನ ತಾರೀಖು ಬರೆದಿತ್ತು. ಅದರ ಕೆಳಗೆ, ಅಂದವಾದ ಅಕ್ಷರಗಳಲ್ಲಿ: 'ಹೆದರಿಸಿದ.' ದೂರದಲ್ಲಿ ಅವನು ಮಂಚದ ಹಲಗೆಗಳನ್ನು ಗೋಡೆಗೆ ಒರಗಿಸುವ ಸದ್ದು ಕೇಳಿಸುತ್ತಿತ್ತು; ಒಂದು, ಎರಡು, ಮೂರು. ಅವಳು ಬರೆದದ್ದರ ಮೇಲೆ ಗೆರೆ ಎಳೆದಳು. ಒಂದೇ ಗೆರೆ. ಬೇಕಾದರೆ ಓದಲು ಬರುವ ಹಾಗೆ.